ಜೀಪಿನ ಸದ್ದು ಮತ್ತು ಸಾಹುಕಾರರ ಪಾರ್ಟು

ಮೂಡಿಗೆರೆಯಿಂದ ನಾನು ನಾಟಕ ಕಲಿಸುವ ಹೈಸ್ಕೂಲಿನ ಕಡೆ ಹೋಗುವ ಬಸ್ಸಿನಲ್ಲಿ ನನಗೊಂದು ಖಾಯಂ ಸೀಟಿದೆ. ಬಾಗಿಲಿನ ಹಿಂದಿನ ಕಿಟಕಿ ಸೀಟು. ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ಕಂಡಕ್ಟರ್, "ಸ್ವಲ್ಪ ಹಿಂದೆ ಹೋಗಿ ಮಾರಾಯ್ರೆ, ನಾಟಕದ ಅಜ್ಜಿ ಹತ್ತಿದ್ರು" ಎಂದು ಎಬ್ಬಿಸಿಬಿಡುತ್ತಾನೆ. ನನಗೆ ಸಂಕೋಚವಾಗುತ್ತದೆ, ಆದರೂ ಕೂರುತ್ತೇನೆ. ನನ್ನ ಮೊಣಕಾಲುಗಳಿಗೆ ಸಂಕೋಚ ಸ್ವಲ್ಪ ಕಡಿಮೆ.

ಇಡೀ ಸರ್ವಿಸು ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವಳು ನಾನು. ಈಗ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲಿನ ಮನೆಯಲ್ಲಿ ತಂಗಿಯ ಜೊತೆ ಇದ್ದೇನೆ. ಅವಳು ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಅಧಿಕಾರದಲ್ಲಿ ದೊಡ್ಡವಳು. ರಿಟೈರ್ ಆದ ಮೇಲೆ ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಓಡಾಡಿ ಒಬ್ಬರ ಕಾಲಿಗೊಬ್ಬರು ಸಿಕ್ಕಿಕೊಳ್ಳುತ್ತಿದ್ದಾಗ ಆ ಹೈಸ್ಕೂಲಿನ ಹೆಡ್‌ಮಾಸ್ಟರು ಮನೆಗೆ ಬಂದರು. ಒಂದು ಕಾಲದಲ್ಲಿ ನನ್ನ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂತು ಆಕಳಿಸುತ್ತಿದ್ದ ಹುಡುಗ ಅವರು. "ಮೇಡಂ, ನಮ್ಮ ಮಕ್ಕಳು ಬಾಯೇ ಬಿಡಲ್ಲ. ಇನ್‌ಸ್ಪೆಕ್ಷನ್‌ಗೆ ಬಂದವ್ರು ಹೆಸರು ಕೇಳಿದ್ರೆ ನೆಲ ನೋಡ್ತಾರೆ. ನೀವು ಬಂದು ಡ್ರಾಮಾ ಗೀಮಾ ಏನಾದ್ರೂ ಮಾಡ್ಸಿ" ಎಂದರು. ನಾನು ಉತ್ತರ ಕೊಡುವ ಮೊದಲೇ ಒಳಗಿನಿಂದ ತಂಗಿ, "ಬರ್ತಾಳೆ, ಬರ್ತಾಳೆ" ಎಂದಳು.

ನಾಟಕ ಕಲಿಸುವುದಕ್ಕೆ ನನಗಿದ್ದ ಕ್ವಾಲಿಫಿಕೇಶನ್ ಕೇಳಿದರೆ ನಗುತ್ತೀರಿ. ಚಿಕ್ಕಮಗಳೂರಿನಲ್ಲಿ ಕಾನ್ವೆಂಟಿನಲ್ಲಿ ಓದುವಾಗ ಪ್ರತಿ ವರ್ಷ ಕ್ರಿಸ್‌ಮಸ್ ನಾಟಕದಲ್ಲಿ ನನಗೆ ಕುರಿ ಕಾಯುವವನ ಪಾರ್ಟು. ಮಾತೇ ಇಲ್ಲ. ಕಂಬಳಿ ಹೊದ್ದು ನಿಂತು, ದಾರದಲ್ಲಿ ತೂಗುಬಿಟ್ಟ ಬೇಗಡೆಯ ನಕ್ಷತ್ರವನ್ನು ನೋಡಿ ಆಶ್ಚರ್ಯಪಡಬೇಕು. ನನ್ನ ಆಶ್ಚರ್ಯ ಎಂದೂ ಸಾಲುತ್ತಿರಲಿಲ್ಲ. ಪರದೆಯ ಸಂದಿಯಿಂದ ಸಿಸ್ಟರ್, "ಮೋರ್ ವಂಡರ್, ಚೈಲ್ಡ್, ಮೋರ್ ವಂಡರ್!" ಎಂದು ಪಿಸುಗುಡುತ್ತಿದ್ದರು. ಅವರ ಬಿಳಿ ಉಡುಪಿನಿಂದ ಬರುತ್ತಿದ್ದ ಸೋಪಿನ ವಾಸನೆ, ಆ ಮರದ ಸ್ಟೇಜಿನ ಕಿರಗುಟ್ಟುವಿಕೆ ಇವೆಲ್ಲ ಈಗಲೂ ಕೆಲವು ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಾಗ ಸುಮ್ಮನೆ ಬಂದು ಹೋಗುತ್ತವೆ. ಮಾತಿರುವ ಒಂದು ಪಾರ್ಟು ಸಿಗಲಿ ಎಂದು ನಾನು ಚಾಪೆಲ್‌ನಲ್ಲಿ ಮೊಣಕಾಲೂರಿ ಕೇಳಿಕೊಂಡದ್ದೂ ಉಂಟು. ಸಿಗಲಿಲ್ಲ. ಹಾಗಾಗಿ ನನ್ನ ಕ್ಲಬ್ಬಿನಲ್ಲಿ ಮೊದಲ ರೂಲು: ಮಾತಿಲ್ಲದ ಪಾರ್ಟು ಯಾರಿಗೂ ಇಲ್ಲ. ಮರದ ಪಾರ್ಟು ಮಾಡಿದರೂ ಒಂದು ಮಾತಾಡಬೇಕು.

ಗುರುವಾರದ ಕೊನೆಯ ಪೀರಿಯಡ್ಡು ಒಂಬತ್ತನೇ ಕ್ಲಾಸಿಗೆ ಡ್ರಾಮಾ ಪಾಠ. ಶನಿವಾರ ಮಧ್ಯಾಹ್ನ ಬಿಸಿಯೂಟದ ತಟ್ಟೆ ತೊಳೆದಿಟ್ಟ ಮೇಲೆ ಆಸೆಯಿರುವವರಿಗೆ ಕ್ಲಬ್ಬು. ಪಾಠಕ್ಕೆ ಎಲ್ಲರೂ ಬರುತ್ತಾರೆ, ಏಕೆಂದರೆ ಬೇರೆ ದಾರಿಯಿಲ್ಲ. ಕ್ಲಬ್ಬಿಗೆ ಬರುವವರು ಬೇರೆಯ ಜಾತಿಯ ಪ್ರಾಣಿಗಳು. ಮನೆಗೆ ಹೋದರೆ ಕಟ್ಟಿಗೆ ತರಬೇಕು, ತಮ್ಮನನ್ನು ಎತ್ತಿಕೊಳ್ಳಬೇಕು ಎಂದು ತಪ್ಪಿಸಿಕೊಂಡು ಬಂದವರು ಕೆಲವರು, ನಿಜವಾಗಿ ಹುಚ್ಚು ಹಿಡಿದವರು ಕೆಲವರು. ಒಂದು ತಿಂಗಳಾದ ಮೇಲೆ ಯಾರು ಯಾವುದಕ್ಕೆ ಬಂದಿದ್ದರು ಎಂದು ನನಗೂ ಗೊತ್ತಾಗುತ್ತಿರಲಿಲ್ಲ, ಅವರಿಗೂ ಗೊತ್ತಾಗುತ್ತಿರಲಿಲ್ಲ.

ಹೆಡ್‌ಮಾಸ್ಟರು ಹೇಳಿದ್ದು ಸುಳ್ಳಲ್ಲ. ಕ್ಲಾಸ್‌ರೂಮಿನಲ್ಲಿ ಅವರ ಸ್ವರ ಪುಸ್ತಕದ ಪುಟ ಮಗುಚಿದಷ್ಟೇ. ಆದರೆ ಮೈದಾನದ ಅಂಚಿಗೆ ಕರೆದುಕೊಂಡು ಹೋಗಿ, "ಆಚೆ ಗುಡ್ಡದಲ್ಲಿ ನಿಮ್ಮ ದನ ಮೇಯ್ತಾ ಇದೆ, ಕರೀರಿ ನೋಡೋಣ" ಎಂದೆ. ಅಬ್ಬಾ! ಕಣಿವೆ ದಾಟಿ ಹೋದ ಆ 'ಕೂ'ಗೆ ಆಚೆ ತೋಟದಲ್ಲಿ ಯಾರೋ ನಿಜವಾಗಿ 'ಕೂ' ಎಂದು ಉತ್ತರ ಕೊಟ್ಟರು. ಇಷ್ಟು ದೊಡ್ಡ ಗಂಟಲುಗಳನ್ನು ಇಟ್ಟುಕೊಂಡು ಇವರು ನನ್ನೆದುರು ಇಲಿಮರಿಗಳ ಹಾಗೆ ಕೂರುತ್ತಿದ್ದರಲ್ಲ ಎಂದು ನನಗೆ ಸಿಟ್ಟೂ ಬಂತು, ನಗುವೂ ಬಂತು. ಆಮೇಲೆ ವಾರ ವಾರ ಆ ದನವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದು, ಕೊನೆಗೆ ಕ್ಲಾಸಿನ ಒಳಗೇ ಕಟ್ಟಿದೆವು.

ನಾನು ಹೇಳಹೊರಟ ಹುಡುಗಿ ಇಂಥ ಒಂದು ಶನಿವಾರ ತನ್ನ ಚಿಪ್ಪಿನಿಂದ ಹೊರಬಂದಳು. ಒಂಬತ್ತನೇ ಕ್ಲಾಸು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಶಾಲೆಯ ಕೆಳಗಿನ ದೊಡ್ಡ ಎಸ್ಟೇಟಿನಲ್ಲಿ ಆಳುಗಳ ಲೈನ್ ಮನೆಯವಳು. ಅವಳ ತಾಯಿ ಅದೇ ತೋಟದಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಮನೆಯೂ ತೋಟದ್ದೇ. ಅಲ್ಲಿಯವರೆಗೆ ಅವಳ ಸ್ಟೇಜ್ ಅನುಭವ ಪರದೆ ಎಳೆಯುವುದು. ಅವತ್ತು ನಾನು, "ನಿಮಗೆ ಗೊತ್ತಿರೋ ಒಬ್ಬರ ಹಾಗೆ ನಡೆದು ಬನ್ನಿ" ಎಂದಿದ್ದೆ. ಅವಳು ಬಾಗಿಲಿನ ಹೊರಗೆ ಹೋಗಿ ಒಳಗೆ ಬಂದಳು. ಬಂದವರು ಎಸ್ಟೇಟಿನ ಸಾಹುಕಾರರು! ಸ್ವಲ್ಪ ಹಿಂದಕ್ಕೆ ಬಾಗಿದ ನಡಿಗೆ, ಗಂಟಲಿನಲ್ಲೇ ಒಂದು ಸಣ್ಣ ಕೆಮ್ಮು. ಮಧ್ಯೆ ನಿಂತು, ಇಲ್ಲದ ಕನ್ನಡಕ ತೆಗೆದು, ಇಲ್ಲದ ಸ್ವೆಟರಿನ ತುದಿಯಲ್ಲಿ ಒರೆಸಿ, ಆಕಾಶ ನೋಡಿ, "ಸೀ, ಐ ವಿಲ್ ಟೆಲ್ ಯು ಒನ್ ಥಿಂಗ್" ಎಂದಳು. ಆಮೇಲೆ ಏನೂ ಹೇಳದೆ ಹೊರಟುಹೋದಳು.

ಕ್ಲಾಸು ಉರುಳಾಡಿತು. ನಾನು ಕೈಚೀಲದಿಂದ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡೆ. ಆ ಸಾಹುಕಾರರನ್ನು ಪೇಟೆಯ ಸಭೆಗಳಲ್ಲಿ, ಮದುವೆಗಳಲ್ಲಿ ನಾನೂ ಬೇಕಾದಷ್ಟು ಸಲ ಕಂಡಿದ್ದೇನೆ. ಒಳ್ಳೆಯ ಮನುಷ್ಯ. ಒನ್ ಥಿಂಗ್ ಎಂದು ಶುರು ಮಾಡಿದರೆ ಮಳೆ, ರೇಟು, ಸರ್ಕಾರ ಎಲ್ಲ ಮುಗಿಸಿ ಆ ಒನ್ ಥಿಂಗ್ ಮಾತ್ರ ಮರೆತುಬಿಡುತ್ತಾರೆ.

ಅವಳ ಆ ನಡಿಗೆಯಿಂದಲೇ ನಮ್ಮ ನಾಟಕ ಹುಟ್ಟಿತು. ಬರೆದು ಕೊಟ್ಟ ನಾಟಕ ನಾವು ಮಾಡುವುದಿಲ್ಲ. ಮಕ್ಕಳು ಆಡುತ್ತಾ ಹೋಗುತ್ತಾರೆ, ಚೆನ್ನಾಗಿದ್ದದ್ದು ಉಳಿಯುತ್ತದೆ. ತೋಟಕ್ಕೆ ಆನೆ ಬಂದಿದೆ. ಸಾಹುಕಾರರು ವೆರಾಂಡದಲ್ಲಿ ಕುರ್ಚಿ ಹಾಕಿಕೊಂಡು ಮೀಟಿಂಗು ಕರೆಯುತ್ತಾರೆ. ತೋಟದ ಲೆಕ್ಕ ಬರೆಯುವ ರೈಟರು ಮೇಸ್ತ್ರಿಯನ್ನು ಬೈಯುತ್ತಾನೆ, ಮೇಸ್ತ್ರಿ ಕಾವಲಿನ ಗಾರ್ಡನ್ನು ಬೈಯುತ್ತಾನೆ, ಆಮೇಲೆ ಫಾರೆಸ್ಟಿನವರ ಜೀಪು ಬರುತ್ತದೆ, ಅವರು ಎಲ್ಲರನ್ನೂ ಬೈಯುತ್ತಾರೆ. ಇಷ್ಟರಲ್ಲಿ ಆನೆ ಹಿಂದೆ ನಿಂತು ಹಲಸಿನ ಹಣ್ಣು ತಿಂದು, ಮೀಟಿಂಗು ಕೇಳಿ ಬೇಜಾರಾಗಿ ತಾನಾಗಿಯೇ ಹೊರಟುಹೋಗುತ್ತದೆ. ಆನೆಗೂ ಒಂದು ಮಾತಿತ್ತು, ನನ್ನ ರೂಲಿನ ಪ್ರಕಾರ: "ನಾಳೆ ಬರ್ತೀನಿ."

ಆನೆ ಎಂದರೆ ಕಾಫಿ ಒಣಗಿಸುವ ಕಪ್ಪು ಟಾರ್ಪಾಲಿನೊಳಗೆ ಸೇರಿಕೊಂಡ ಹುಡುಗರು. ಸೊಂಡಿಲಿಗೆ ಸ್ಪ್ರಿಂಕ್ಲರಿನ ಹಳೆಯ ಪೈಪು. ಮುಂಗಾಲಿನವನಿಗೂ ಹಿಂಗಾಲಿನವನಿಗೂ ಮಾತು ಬಿಟ್ಟುಹೋಗಿತ್ತು, ಯಾವುದೋ ಕ್ರಿಕೆಟ್ ಜಗಳ. ಹಾಗಾಗಿ ಆನೆ ಅರ್ಧ ಎಡಕ್ಕೆ ಹೋದರೆ ಅರ್ಧ ಬಲಕ್ಕೆ ಹೋಗುತ್ತಿತ್ತು. "ಲೇ, ಬಾಲ! ನಾನು ತಲೆ ಕಣೋ, ನಾ ಹೇಳ್ದಂಗೆ ಬಾರೋ" ಎಂದು ಒಳಗಿನಿಂದ ಕೇಳಿಸುತ್ತಿತ್ತು.

ಎಲ್ಲ ಚೆನ್ನಾಗಿಯೇ ನಡೆದಿತ್ತು, ಒಂದನ್ನು ಬಿಟ್ಟು. ನಾಟಕದಲ್ಲಿ ಜೀಪು ಬಂದಾಗ ಆಳುಗಳೆಲ್ಲ ದಡಬಡ ಏಳಬೇಕು, ಸಾಹುಕಾರರು ಮಾತ್ರ ಕುರ್ಚಿಯಲ್ಲಿ ಕೂತೇ ಇರಬೇಕು. ಒಬ್ಬ ಹುಡುಗ ಬಾಯಲ್ಲಿ 'ಡುರ್ರ್' ಎಂದು ಜೀಪಿನ ಸದ್ದು ಮಾಡಿದ. ಆಳುಗಳು ಎದ್ದರು. ಸಾಹುಕಾರರೂ ಎದ್ದರು.

"ನೀನು ಯಾಕೆ ಎದ್ದೆ?" ಎಂದೆ.

"ಎದ್ನಾ ಮೇಡಂ?" ಎಂದಳು ಆಶ್ಚರ್ಯದಿಂದ.

ಮತ್ತೆ ಮಾಡಿಸಿದೆ. ಮತ್ತೆ ಎದ್ದಳು. ಇನ್ನೊಂದು ಸಲ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕುರ್ಚಿಯ ಸಮೇತ ಅರ್ಧ ಎದ್ದಳು. "ಅವ್ಳು ಬಸ್ಸಲ್ಲಿ ಹೋಗ್ಬೇಕಾದ್ರೂ ಪಕ್ಕದಲ್ಲಿ ಜೀಪು ಹೋದ್ರೆ ಏಳ್ತಾಳೆ ಮೇಡಂ!" ಎಂದು ಆನೆಯ ತಲೆ ಟಾರ್ಪಾಲಿನಿಂದ ಹೊರಬಂದು ಹೇಳಿತು. "ನೀ ಬಾಯ್ಮುಚ್ಚು ಪೈಪೇ" ಎಂದಳು ಇವಳು.

ಲೈನಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಾರಿಬದಿಯಲ್ಲಿ ಬುತ್ತಿ ಬಿಚ್ಚಿ ಕೂತಿದ್ದರೂ, ನಲ್ಲಿಯ ಕಟ್ಟೆಯ ಮೇಲೆ ಹರಟುತ್ತಿದ್ದರೂ ತಿರುವಿನಲ್ಲಿ ಸಾಹುಕಾರರ ಜೀಪಿನ ಸದ್ದು ಕೇಳಿದರೆ ಎದ್ದು ನಿಲ್ಲುವುದು. ಏಳಿ ಎಂದು ಯಾರೂ ಹೇಳಿರುವುದಿಲ್ಲ. ಈಗಿನ ಸಾಹುಕಾರರು ಗಮನಿಸುವುದೂ ಇಲ್ಲ, ಅವರ ಕಣ್ಣು ಗಿಡದ ಮೇಲಿರುತ್ತದೆ. ಆದರೂ ಕಾಲು ತಾನಾಗಿ ಏಳುತ್ತದೆ. ನನ್ನ ಅಪ್ಪ ಕಳಸದ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದರು. ಜೀಪಿನ ಸದ್ದಿಗೆ ಅಪ್ಪ ಬಾಯಲ್ಲಿದ್ದ ಅನ್ನ ನುಂಗದೇ ಎದ್ದದ್ದನ್ನು ನಾನೂ ಕಂಡಿದ್ದೇನೆ. ನನ್ನ ಕಥೆ ಇನ್ನೂ ಚೆಂದ. ಹೋದ ವರ್ಷ ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತಿದ್ದಾಗ ಮೊಮ್ಮಗಳ ವಯಸ್ಸಿನ ಕಾನ್ವೆಂಟಿನ ಸಿಸ್ಟರ್ ಒಬ್ಬಳು ಒಳಗೆ ಬಂದಳು. ನಾನು ಎದ್ದು ನಿಂತು, "ಗುಡ್ ಮಾರ್ನಿಂಗ್, ಸಿಸ್ಟರ್" ಎಂದುಬಿಟ್ಟೆ! ಆ ಮಗು ಗಾಬರಿಯಾಗಿ ನನ್ನ ಟೋಕನ್ ನಂಬರ್ ಕೇಳಿತು.

ಹಾಗಾಗಿ ಒಂದು ಆಟ ಶುರು ಮಾಡಿದೆ. ಎಲ್ಲರೂ ಕೂರಬೇಕು. ನಾನು ಬೆಲ್ಲು ಹೊಡೆಸುತ್ತೇನೆ, ಹುಡುಗರು ಜೀಪು, ಲಾರಿ, ಹೆಡ್‌ಮಾಸ್ಟರ ಬೈಕು ಎಲ್ಲದರ ಸದ್ದು ಮಾಡುತ್ತಾರೆ. ಎದ್ದವರು ಔಟ್. ಮೊದಲು ಎಲ್ಲರೂ ಔಟ್. ನಿಧಾನಕ್ಕೆ ಗಟ್ಟಿಯಾದರು. ಒಂದು ಶನಿವಾರ ಬೈಕಿನ ಸದ್ದು ಎಷ್ಟು ಚೆನ್ನಾಗಿ ಕೇಳಿಸಿತೆಂದರೆ ನಾನು ಭೇಷ್ ಎನ್ನುವಷ್ಟರಲ್ಲಿ ನಿಜವಾದ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತಿದ್ದರು. ಒಂದು ಹುಳವೂ ಅಲುಗಾಡಲಿಲ್ಲ. ಎಲ್ಲರೂ ಹಲ್ಲು ಕಚ್ಚಿಕೊಂಡು ಅವರನ್ನೇ ನೋಡುತ್ತಾ ಕೂತಿದ್ದಾರೆ. ಅವರು ಮಕ್ಕಳನ್ನು ನೋಡಿದರು, ನನ್ನನ್ನು ನೋಡಿದರು. "ಮೇಡಂ, ಇವಕ್ಕೆ ಏನಾಯ್ತು?" ಎಂದರು. "ಇಂಪ್ರೂವ್‌ಮೆಂಟ್" ಎಂದೆ.

ಅದೇ ಹೊತ್ತಿನಲ್ಲಿ ಅವರು ತಂದ ಸುದ್ದಿ ಮಾತ್ರ ನಗುವಂಥದ್ದಾಗಿರಲಿಲ್ಲ. ಸ್ಕೂಲ್ ಡೇಗೆ ಮುಖ್ಯ ಅತಿಥಿ ಗೊತ್ತಾಗಿದೆ. ಸ್ಟೇಜಿನ ಮೇಲೆ ತಗಡಿನ ಶೀಟು ಹಾಕಿಸಿಕೊಟ್ಟವರು ಅವರೇ, ಕೆಳಗಿನ ಎಸ್ಟೇಟಿನ ಸಾಹುಕಾರರು. ಅವರ ಹೆಂಡತಿ, ಅಮ್ಮಾವ್ರೂ ಬರುತ್ತಾರೆ. ಹುಡುಗಿಯ ಮುಖ ನೋಡಿದೆ. ಕೂತೇ ಇದ್ದಳು, ಆದರೆ ಮುಖದ ಬಣ್ಣ ಎದ್ದು ಹೋಗಿತ್ತು.

ಮುಂದಿನ ಸಂತೆಯ ದಿನ ಬಸ್ ಸ್ಟ್ಯಾಂಡಿನ ಹತ್ತಿರ ಅವಳ ತಾಯಿ ನನ್ನನ್ನು ಹಿಡಿದಳು. ಒಂದು ಕೈಯಲ್ಲಿ ಒಣಮೀನಿನ ಪೊಟ್ಟಣ, ಇನ್ನೊಂದರಲ್ಲಿ ನನ್ನ ಸೆರಗು.

"ಟೀಚರಮ್ಮ, ನಮ್ ಹುಡ್ಗಿಗೆ ಬೇರೆ ಪಾರ್ಟು ಕೊಡಿ. ಗಾರ್ಡ್ ಕೊಡಿ, ಬೇಕಾದ್ರೆ ಆನೆ ಒಳಗೇ ಹಾಕಿ."

"ಆನೆ ಫುಲ್ಲಾಗಿದೆ" ಎಂದೆ, ವಾತಾವರಣ ತಿಳಿ ಮಾಡೋಣ ಎಂದು. ಅವಳು ನಗಲಿಲ್ಲ.

"ಮನೇಲಿ ಮಾಡಿ ತೋರ್ಸಿದ್ಲು. ನನಗೆ ಎದೆ ಡವಗುಟ್ಟೋಯ್ತು. ಸೇಮ್ ಟು ಸೇಮ್ ಅವ್ರೇ. ಅವರೆದ್ರಿಗೆ ಅವರ್ನೇ ಅಣಕಿಸಿದ್ರೆ ನಾಳೆ ಬೆಳಿಗ್ಗೆ ನಾನು ಹೆಂಗೆ ಅವರ ಮುಖ ನೋಡ್ಲಿ? ನಾವು ಇರೋದು ಅವರ ಲೈನಲ್ಲಿ. ಬಿಡಿ ಅಂದ್ರೆ ಎಲ್ಲಿಗೆ ಹೋಗಾಣ?"

ಅವಳು ಹೇಳುವುದರಲ್ಲಿ ತಪ್ಪೇನಿತ್ತು? ಮನೆ ಅವರದ್ದು, ಕೆಲಸ ಅವರದ್ದು. ಸಾಹುಕಾರರು ಅಂಥವರಲ್ಲ ಎಂದು ನಾನು ಪೇಟೆಯಲ್ಲಿ ಕೂತು ಹೇಳಬಹುದು, ತೋಟದೊಳಗೆ ಇರಬೇಕಾದವಳು ಅವಳು. ಸರಿ, ಪಾರ್ಟು ಬದಲಾಯಿಸುತ್ತೇನೆ ಎಂದೆ.

ಶನಿವಾರ ಹೇಳಿದರೆ ಹುಡುಗಿ ಅಳಲಿಲ್ಲ, ಕೂಗಲಿಲ್ಲ. "ಹಂಗಾದ್ರೆ ನಾನು ಪರದೆ ಎಳೀತೀನಿ ಮೇಡಂ" ಎಂದು ಸ್ಟೇಜಿನ ಮೂಲೆಗೆ ಹೋಗಿ ಹಗ್ಗ ಹಿಡಿದು ನಿಂತಳು. ಕಂಬಳಿ ಹೊದ್ದು ನಕ್ಷತ್ರ ನೋಡುತ್ತಾ ನಿಂತಿದ್ದವಳಿಗೆ ಆ ನಿಲುವು ಚೆನ್ನಾಗಿ ಗೊತ್ತು. ನನಗೆ ತಡೆಯಲಾಗಲಿಲ್ಲ. ಅವತ್ತೇ ಬಸ್ಸು ಬಿಟ್ಟು, ಲೈನಿಗೆ ಇಳಿದು ಹೋಗಿ, ತಾಯಿಯ ಹತ್ತಿರ ಒಂದು ಒಪ್ಪಂದ ಮಾಡಿಕೊಂಡು ಬಂದೆ. ಪಾರ್ಟು ಅವಳಿಗೇ ಇರಲಿ. ಆದರೆ ಸಾಹುಕಾರ ಬೇರೆಯವನಾಗಬೇಕು. ಕನ್ನಡಕ ಇಲ್ಲ, ಕೆಮ್ಮು ಇಲ್ಲ, ಒನ್ ಥಿಂಗ್ ಇಲ್ಲ. ಎಲ್ಲಿಯವನೋ ಒಬ್ಬ ಸಾಹುಕಾರ.

"ಎಲ್ಲಿಯವನೋ ಆಗ್ಬೇಕು, ನಮ್ಮೋರಾಗ್ಬಾರ್ದು" ಎಂದಳು ತಾಯಿ, ಬೆರಳು ತೋರಿಸಿ.

ಎಲ್ಲಿಯವನೋ ಒಬ್ಬನನ್ನು ಮಾಡುವುದು ಎಷ್ಟು ಕಷ್ಟ ಎಂದು ನಮಗೆ ಆಗ ಗೊತ್ತಾಯಿತು. ಹೊಟ್ಟೆಗೆ ದಿಂಬು ಕಟ್ಟಿದೆವು. ಮೀಸೆ ಅಂಟಿಸಿದೆವು. ದಪ್ಪ ಸ್ವರದಲ್ಲಿ 'ಯಾರಲ್ಲಿ?' ಎನ್ನಿಸಿದೆವು. ಯಾವ ಎಸ್ಟೇಟಿನ ಸಾಹುಕಾರರು 'ಯಾರಲ್ಲಿ' ಎನ್ನುತ್ತಾರೆ, ಹೇಳಿ! ಹುಡುಗಿ ಹೇಳಿದ್ದೆಲ್ಲ ಮಾಡಿದಳು, ಒಂದು ನಗುವೂ ಬರಲಿಲ್ಲ. "ಇದು ಯಾರೂ ಅಲ್ಲ ಮೇಡಂ. ಇವ್ನಿಗೆ ತೋಟಾನೂ ಇಲ್ಲ" ಎಂದಳು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು ಬಂತು. ಆಟದಲ್ಲಿ ಗಟ್ಟಿಯಾಗಿದ್ದ ಕಾಲು ಮತ್ತೆ ಶುರು ಮಾಡಿತು. ಜೀಪು ಬಂದರೆ ದಿಂಬಿನ ಸಾಹುಕಾರ ಎದ್ದು ನಿಲ್ಲುತ್ತಿದ್ದ.

ಮೊದಲೆಲ್ಲ ಸ್ಕೂಲ್ ಡೇ ಎಂದರೆ ಸಂಜೆ ಶುರುವಾಗಿ ರಾತ್ರಿಯವರೆಗೆ. ಈಗ ಆನೆ ಓಡಾಡುವ ಕಾಲ. ಕತ್ತಲಾಗುವ ಮುಂಚೆ ಎಲ್ಲರೂ ಮನೆ ಸೇರಬೇಕು. ಹಾಗಾಗಿ ಭಾನುವಾರ, ಕಾಫಿ ಕುಯ್ಲಿಗೆ ರಜೆಯ ದಿನ, ಮಧ್ಯಾಹ್ನದ ಸುಡು ಬಿಸಿಲಿನಲ್ಲಿ ಶಾಮಿಯಾನ ಹಾಕಿ ಕಾರ್ಯಕ್ರಮ. ಆನೆಗೆ ಹೆದರಿ ಬೇಗ ಮುಗಿಸಬೇಕಾದ ಸಭೆಯಲ್ಲಿ ನಮ್ಮದು ಆನೆಯ ನಾಟಕ. ಲೈನಿನವರೆಲ್ಲ ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿದ್ದರು. ಹುಡುಗಿಯ ತಾಯಿ ಕೊನೆಯ ಸಾಲಿನಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು. ಮುಂದಿನ ಸಾಲಿನ ಎರಡು ಕುಶನ್ ಕುರ್ಚಿ ಖಾಲಿ. ಮುಖ್ಯ ಅತಿಥಿಗಳು ಇನ್ನೂ ಬಂದಿರಲಿಲ್ಲ.

ಹೆಡ್‌ಮಾಸ್ಟರು ಕಾದರು, ವಾಚು ನೋಡಿದರು, ಆಕಾಶ ನೋಡಿದರು. ಕೊನೆಗೆ "ಮೇಡಂ, ನೀವು ಶುರು ಮಾಡಿಬಿಡಿ" ಎಂದರು. ಶುರು ಮಾಡಿದೆವು.

ರೈಟರು ಬೈದ, ಮೇಸ್ತ್ರಿ ಬೈದ, ಜನ ಸೌಜನ್ಯಕ್ಕೆ ನಕ್ಕರು. ಆನೆ ಬಂದಾಗ ಮಕ್ಕಳು ಕಿರುಚಿದರು. ದಿಂಬಿನ ಸಾಹುಕಾರ ಮಾತ್ರ ನಿಧಾನಕ್ಕೆ ಮುಳುಗುತ್ತಿದ್ದ. "ಯಾರಲ್ಲಿ?" ಎಂದು ಹುಡುಗಿ ಹೇಳಿದ್ದು ಮೂರನೆಯ ಸಾಲಿಗೆ ಮುಟ್ಟಲಿಲ್ಲ. ಕಣಿವೆಯ ಆಚೆ ದನ ಕರೆದ ಗಂಟಲು ಅದು! ನಾನು ಪರದೆಯ ಸಂದಿಯಲ್ಲಿ ನಿಂತು ಸೆರಗು ತಿರುಚುತ್ತಿದ್ದೆ. ಇನ್ನು ಜೀಪು ಬರುತ್ತದೆ, ಇವಳು ಏಳುತ್ತಾಳೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ. 'ಡುರ್ರ್' ಎನ್ನಬೇಕಾದ ಹುಡುಗ ನನ್ನ ಪಕ್ಕದಲ್ಲಿ ಉಸಿರು ತೆಗೆದುಕೊಂಡ.

ಅವನು ಬಾಯಿ ತೆಗೆಯುವ ಮೊದಲೇ ಜೀಪು ಬಂತು. ನಿಜವಾದ ಜೀಪು. ಕೆಳಗಿನ ತಿರುವಿನಲ್ಲಿ ಗೇರು ಬದಲಾಯಿಸಿ, ಏರು ಹತ್ತಿ, ಶಾಲೆಯ ಗೇಟಿನೊಳಗೆ.

ಹೆಡ್‌ಮಾಸ್ಟರು ಎದ್ದರು. ಮೇಷ್ಟ್ರುಗಳು ಎದ್ದರು. ಹಿಂದಿನ ಸಾಲುಗಳಲ್ಲಿ ಲೈನಿನವರು ಅಲೆ ಎದ್ದ ಹಾಗೆ ಎದ್ದರು. ಸ್ಟೇಜಿನ ಮೇಲೆ ಆಳುಗಳೆಲ್ಲ ಎದ್ದು ನಿಂತರು, ಅವರ ಪಾರ್ಟೇ ಅದು. ಟಾರ್ಪಾಲಿನ ಆನೆಯೂ ಅಟೆನ್ಶನ್ ಆಯಿತು. ಇಡೀ ಮೈದಾನದಲ್ಲಿ ಕೂತಿದ್ದವಳು ಅವಳೊಬ್ಬಳೇ. ನನಗೆ ಅವಳ ಒಂದು ಮಗ್ಗುಲು ಕಾಣುತ್ತಿತ್ತು. ಪಂಚೆಯೊಳಗಿನ ಕಾಲು ತಾನಾಗಿ ಏಳಲು ಹೊರಟಿತ್ತು. ಕುರ್ಚಿಯ ಕೈ ಹಿಡಿದ ಬೆರಳುಗಳು ಬಿಳುಚಿದ್ದವು. ಎದ್ದೇಬಿಡುತ್ತಾಳೆ ಎನ್ನುವಷ್ಟರಲ್ಲಿ ಬೆನ್ನು ಸ್ವಲ್ಪ ಹಿಂದಕ್ಕೆ ಬಾಗಿತು. ಗಂಟಲಿನಲ್ಲೇ ಒಂದು ಸಣ್ಣ ಕೆಮ್ಮು. ಕೈ ಮೇಲೆ ಹೋಗಿ ಇಲ್ಲದ ಕನ್ನಡಕ ತೆಗೆಯಿತು. ದಿಂಬಿನ ಮೇಲೆ ಅದನ್ನು ಒರೆಸಿದಳು.

"ಸೀ," ಎಂದಳು, ಮೈದಾನದ ಗೇಟಿಗೂ ಕೇಳುವ ಹಾಗೆ, "ಐ ವಿಲ್ ಟೆಲ್ ಯು ಒನ್ ಥಿಂಗ್. ಯಾರ್ರೀ ಅದು, ಮೀಟಿಂಗ್ ನಡೀಬೇಕಾದ್ರೆ ಜೀಪ್ ತಂದವ್ರು? ಹಿಂದೆ ಪಾರ್ಕ್ ಮಾಡಕ್ಕೇಳಿ. ಆನೆಗೆ ಡಿಸ್ಟರ್ಬ್ ಆಗುತ್ತೆ."

ಆ ಹೊತ್ತಿಗೆ ಸಾಹುಕಾರರು, ಅವರ ಹೆಂಡತಿ ಶಾಮಿಯಾನದೊಳಗೆ ಬಂದಾಗಿತ್ತು. ಲೈನಿನವರು ಸಾಹುಕಾರರ ಮುಖ ನೋಡುತ್ತಿದ್ದಾರೆ, ನಾನು ಕೊನೆಯ ಸಾಲಿನ ಕಂಬವನ್ನು ನೋಡುತ್ತಿದ್ದೇನೆ. ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆಗ ಒಂದು ನಗು ಕೇಳಿಸಿತು, ತಡೆದು ತಡೆದು ಸೋತ ನಗು. ಅದು ಅಮ್ಮಾವ್ರದು. ಅವರು ಕುರ್ಚಿಯಲ್ಲಿ ಕುಸಿದು ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಭುಜ ಕುಣಿಸುತ್ತಾ ನಗುತ್ತಿದ್ದರು. ಅವರು ನಕ್ಕಿದ್ದೇ ತಡ, ಶಾಮಿಯಾನ ಕಿತ್ತುಹೋಗುವ ಹಾಗೆ ಎಲ್ಲರೂ ನಕ್ಕರು. ಅಲ್ಲಿಂದ ಮುಂದೆ ಹುಡುಗಿಯನ್ನು ಹಿಡಿಯುವವರಿರಲಿಲ್ಲ. ಮಳೆ, ರೇಟು, ಸರ್ಕಾರ ಎಲ್ಲ ಬಂತು, ಆ ಒನ್ ಥಿಂಗ್ ಮಾತ್ರ ಬರಲಿಲ್ಲ. ಆನೆ "ನಾಳೆ ಬರ್ತೀನಿ" ಎಂದಾಗ ಸಾಹುಕಾರರೂ ತೊಡೆ ತಟ್ಟಿ ನಗುತ್ತಿದ್ದರು.

ಆಮೇಲೆ ಮುಖ್ಯ ಅತಿಥಿಗಳ ಭಾಷಣ. ಮೈಕಿನ ಮುಂದೆ ನಿಂತು, ಕನ್ನಡಕ ತೆಗೆದು ಒರೆಸಿ, ಶಾಮಿಯಾನದ ಮೇಲಕ್ಕೆ ನೋಡಿ, "ಸೀ..." ಎಂದರು. ಮುಂದಿನದು ಯಾರಿಗೂ ಕೇಳಿಸಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುವ ಜನರನ್ನು ನೋಡಿ ಅವರಿಗೆ ಖುಷಿಯೋ ಖುಷಿ. ತಮ್ಮ ಭಾಷಣಕ್ಕೆ ಜನ ಇಷ್ಟು ನಕ್ಕಿದ್ದು ಅದೇ ಮೊದಲಿರಬೇಕು.

ಟೀ ಕುಡಿಯುವಾಗ ಅವರು ನನ್ನ ಹತ್ತಿರ ಬಂದರು. ನಾನು ಏನೇನೋ ಸಿದ್ಧ ಮಾಡಿಟ್ಟುಕೊಂಡಿದ್ದೆ. ಮಕ್ಕಳು, ಕಲ್ಪನೆ, ನೋ ಅಫೆನ್ಸ್, ಇತ್ಯಾದಿ. ಅವರು ಧ್ವನಿ ತಗ್ಗಿಸಿ, "ಮೇಡಂ, ಆ ಕ್ಯಾರೆಕ್ಟರ್ ಯಾರು ಅಂತ ನನಗೆ ಕೂತ ಕೂಡ್ಲೇ ಗೊತ್ತಾಯ್ತು" ಎಂದರು.

"ಗೊತ್ತಾಯ್ತಾ?" ಎಂದೆ.

"ಕಳಸದ ಕಡೆ ನಮ್ಮ ಬೀಗರು! ಅದೇ ಹೊಟ್ಟೆ, ಅದೇ ಕೊರೆತ. ಅಬ್ಬಾ, ಆ ಹುಡುಗ ಎಲ್ಲಿ ನೋಡಿದ್ನೋ ಅವರ್ನ. ಎಕ್ಸಲೆಂಟ್, ಮೇಡಂ, ಎಕ್ಸಲೆಂಟ್." ಹಾಗೆಂದು ಹೆಡ್‌ಮಾಸ್ಟರ ಭುಜದ ಮೇಲೆ ಕೈ ಹಾಕಿ ಸ್ಟೇಜಿನ ಶೀಟು ತೋರಿಸಲು ಹೊರಟರು.

ಮಕ್ಕಳು ಬಣ್ಣ ಒರೆಸಿಕೊಳ್ಳುತ್ತಿದ್ದ ಕ್ಲಾಸ್‌ರೂಮಿಗೆ ಓಡಿದೆ. ನನ್ನ ವಯಸ್ಸಿನಲ್ಲಿ ಓಡಿದೆ ಎಂದರೆ ಓಡಿದ ಹಾಗೆ ಅಂದುಕೊಳ್ಳಿ. ತಾಯಿ ಅಲ್ಲೇ ಇದ್ದಳು, ಮಗಳ ಹೊಟ್ಟೆಯ ದಿಂಬಿನ ಹಗ್ಗವನ್ನು ಸಿಟ್ಟಿನಿಂದ ಬಿಚ್ಚುತ್ತಾ. "ಏನ್ ಹೇಳಿದ್ದೆ ನಾನು? ಏನ್ ಹೇಳಿದ್ದೆ? ನಿನ್ ಕಾಲು ಮುರೀತೀನಿ ತಾಳು." ನಾನು ಸಾಹುಕಾರರು ಹೇಳಿದ್ದನ್ನು ಹೇಳಿದೆ. ತಾಯಿ ಹಗ್ಗ ಬಿಟ್ಟು ನೆಲದ ಮೇಲೆ ಕೂತುಬಿಟ್ಟಳು. "ಬದುಕ್ದೆ ದೇವ್ರೇ" ಎಂದಳು.

ಹುಡುಗಿಯ ಮುಖ ಮಾತ್ರ ಸಣ್ಣಗಾಯಿತು. ಒಂದು ಕಡೆ ಅಂಟಿ ಒಂದು ಕಡೆ ಜೋತುಬಿದ್ದ ಮೀಸೆಯ ಕೆಳಗೆ ತುಟಿ ಅದುರಿತು.

"ಅವರಿಗೆ ಗೊತ್ತೇ ಆಗ್ಲಿಲ್ವಾ ಮೇಡಂ? ಅಷ್ಟು ಕೆಟ್ಟದಾಗಿ ಮಾಡಿದ್ನಾ?"

ಮನುಷ್ಯನಿಗೆ ತನ್ನ ಬೆನ್ನು ಕಾಣುವುದಿಲ್ಲ ಮಗೂ ಎನ್ನೋಣವೆಂದುಕೊಂಡೆ. ಅಷ್ಟರಲ್ಲಿ ಬಾಗಿಲಲ್ಲಿ ನೆರಳಾಯಿತು. ಅಮ್ಮಾವ್ರು. ತಾಯಿ ಗಡಬಡಿಸಿ ಎದ್ದಳು. ಮಕ್ಕಳೂ ಎದ್ದರು. ಅವರು ಯಾರನ್ನೂ ನೋಡದೆ ನೇರ ಹುಡುಗಿಯ ಹತ್ತಿರ ಬಂದು, ಜೋತುಬಿದ್ದ ಮೀಸೆಯನ್ನು ಮೆಲ್ಲಗೆ ಕಿತ್ತು ಅವಳ ಅಂಗೈಯಲ್ಲಿಟ್ಟರು. ಅವರ ಕಣ್ಣು ಇನ್ನೂ ಒದ್ದೆಯಾಗಿತ್ತು.

"ಮದ್ವೆಯಾದಾಗಿಂದ ನೋಡ್ತಿದೀನಿ ಮಾರಾಯ್ತಿ ಆ ಒನ್ ಥಿಂಗನ್ನ" ಎಂದರು. "ಎಲ್ಲಾ ಸರಿ ಮಾಡ್ದೆ. ಒಂದು ತಪ್ಪಿದೆ, ಹೇಳ್ಲಾ? ಕನ್ನಡಕ ಬಲಗೈಯಲ್ಲಿ ತೆಗ್ದೆ. ಅವರು ತೆಗೆಯೋದು..."

"ಎಡಗೈ," ಎಂದಳು ತಾಯಿ ಹಿಂದಿನಿಂದ. "ಬಡ್ಕೊಂಡೆ, ಕೇಳ್ಬೇಕಲ್ಲ ಇವ್ಳು. ಎಡಗೈ ಎಡಗೈ ಅಂತ ಮೊದಲ್ನೇ ದಿನದಿಂದ ಹೇಳ್ಕೊಡ್ತಾ ಇದೀನಿ."

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವಳಿಗೆ ತಿಳಿಯಿತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಅವಳನ್ನು ನೋಡಿದೆ, ಅಮ್ಮಾವ್ರು ಅವಳನ್ನು ನೋಡಿದರು. ಹೊರಗೆ ಸಾಹುಕಾರರು ಹೊರಡಲು ಜೀಪಿನ ಹಾರನ್ ಒತ್ತಿದರು. ಅಮ್ಮಾವ್ರು ಹಿಂದಿರುಗಿ ನೋಡದೆ ಒಂದು ಬೆಂಚು ಎಳೆದುಕೊಂಡು ಕೂತು, ಪಕ್ಕದ ಜಾಗವನ್ನು ತಾಯಿಗೆ ಕೈಯಲ್ಲಿ ತಟ್ಟಿ ತೋರಿಸಿದರು.

"ಕೂತ್ಕೋ" ಎಂದರು. "ಅವರು ಸ್ವಲ್ಪ ಕಾಯ್ಲಿ. ನೀನು ಇನ್ನೊಂದ್ಸಲ ಮಾಡ್ ಪುಟ್ಟಾ, ಎಡಗೈಯಲ್ಲಿ."

ತಾಯಿ ಬೆಂಚಿನ ತುದಿಯಲ್ಲಿ, ಬಿದ್ದೇ ಹೋಗುವಷ್ಟು ತುದಿಯಲ್ಲಿ, ಕೂತಳು. ಹುಡುಗಿ ಬಾಗಿಲಿನ ಹೊರಗೆ ಹೋದಳು, ಒಳಗೆ ಬರಲು.